ಅಡುಗೆ ಎಣ್ಣೆ, ಕೊಲೆಸ್ಟೆರಾಲ್ ಮತ್ತು ಹೆಪ್ಪುಗಟ್ಟುವ ರಕ್ತ

ಅಡುಗೆ ಎಣ್ಣೆಯ ಪೊಟ್ಟಣದ ಮೇಲೆ 'ಕೊಲೆಸ್ಟೆರಾಲ್ ರಹಿತ' ಎಂಬ ಬರಹವನ್ನು ನೀವು ನೋಡಿರಬಹುದು. ಅದು ಸುಳ್ಳಲ್ಲ. ಆದರೆ ಅದರಲ್ಲಿ ಹೆಚ್ಚುಗಾರಿಕೆಯೂ ಇಲ್ಲ. ಯಾವ ಸಸ್ಯದ ಎಣ್ಣೆಯಲ್ಲಿಯೂ ಕೊಲೆಸ್ಟೆರಾಲ್ ಗಣನೀಯ ಪ್ರಮಾಣದಲ್ಲಿ ಇರುವುದಿಲ್ಲ. ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಈ ಎಣ್ಣೆ ನಮ್ಮ ರಕ್ತದಲ್ಲಿರುವ ಕೊಲೆಸ್ಟೆರಾಲನ್ನು ಏರಿಸುತ್ತದೆಯೇ, ಇಳಿಸುತ್ತದೆಯೇ? ರಕ್ತ ಹೆಪ್ಪುಗಟ್ಟುವುದರ ಮೇಲೆ ಅದರ ಪರಿಣಾಮವೇನು?

ಹೃದಯಾಘಾತಕ್ಕೆ ಸಾಮಾನ್ಯವಾಗಿ ಎರಡು ಹಂತಗಳಿವೆ. ಮೊದಲನೆಯದು, ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೊಲೆಸ್ಟೆರಾಲ್ ಜಮೆಯಾಗುವುದು. ಎರಡನೆಯದು, ಆ ಜಮೆ ಬಿರಿದಾಗ ಅದರ ಮೇಲೆ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುವುದು.

ಯಕೃತ್ತಿನ ಕೆಲಸ

ರಕ್ತದಲ್ಲಿರುವ ಎಲ್‌ಡಿಎಲ್ ಕೊಲೆಸ್ಟೆರಾಲನ್ನು ಯಕೃತ್ತಿನ ಜೀವಕೋಶಗಳ ಮೇಲಿನ ಗ್ರಾಹಿಗಳು ಹಿಡಿದು ಒಳಗೆಳೆದುಕೊಳ್ಳುತ್ತವೆ. ಈ ಗ್ರಾಹಿಗಳ ಕುರಿತ ಸಂಶೋಧನೆಗೆ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 1985ರಲ್ಲಿ ನೊಬೆಲ್ ಪಡೆದರು. ಪಾಮಿಟಿಕ್ ಆಮ್ಲದಂಥ ಸಂತೃಪ್ತ ಕೊಬ್ಬು ಹೆಚ್ಚಾದಾಗ ಗ್ರಾಹಿಗಳ ಕೆಲಸ ಕುಗ್ಗಿ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಅದರ ಬದಲು ಲಿನೋಲಿಯಿಕ್‌ನಂಥ ಅಸಂತೃಪ್ತ ಆಮ್ಲಗಳನ್ನು ಸೇವಿಸಿದರೆ ಎಲ್‌ಡಿಎಲ್ ಇಳಿಯುತ್ತದೆ.

ಕೋತಿಗಳು ಕಲಿಸಿದ್ದು

1913ರಲ್ಲಿ ರಷ್ಯಾದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟೆರಾಲ್ ತಿನ್ನಿಸಿ ಅವುಗಳ ರಕ್ತನಾಳ ಕೆಡುವುದನ್ನು ತೋರಿಸಿದ್ದರು. ಮೊಲ ಸಸ್ಯಾಹಾರಿಯಾದ್ದರಿಂದ ಆ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸಬಹುದೇ ಎಂಬ ಸಂಶಯ ಉಳಿಯಿತು. ಹೀಗಾಗಿ ನಮ್ಮಂತೆಯೇ ಪ್ರೈಮೇಟ್ ವರ್ಗಕ್ಕೆ ಸೇರಿದ ರೀಸಸ್ ಕೋತಿಗಳತ್ತ ವಿಜ್ಞಾನಿಗಳು ತಿರುಗಿದರು. 1970ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು, ಕೊಬ್ಬಿನ ಆಹಾರದಿಂದ ಕಿರಿದಾಗಿದ್ದ ಕೋತಿಗಳ ಹೃದಯನಾಳಗಳು ಆಹಾರ ಬದಲಿಸಿದ ಮೇಲೆ ಬಹಳಷ್ಟು ಸುಧಾರಿಸಿದ್ದನ್ನು ವರದಿ ಮಾಡಿದರು.

1974ರ ಇನ್ನೊಂದು ಪ್ರಯೋಗ ಶೇಂಗಾ ತಿನ್ನುವ ನಮಗೆ ಮುಖ್ಯ. ಬೆಣ್ಣೆ, ಕೊಬ್ಬರಿ ಮತ್ತು ಶೇಂಗಾ ಎಣ್ಣೆಗಳನ್ನು ಹೋಲಿಸಿದಾಗ, ಶೇಂಗಾ ಎಣ್ಣೆ ತಿಂದ ಕೋತಿಗಳ ರಕ್ತನಾಳಗಳು ನಿರೀಕ್ಷೆಗಿಂತ ಹೆಚ್ಚು ಕೆಟ್ಟಿದ್ದವು. ಆದರೆ ಗಮನಿಸಿ, ಆ ಆಹಾರಕ್ಕೆ ಕೊಲೆಸ್ಟೆರಾಲನ್ನೂ ಧಾರಾಳವಾಗಿ ಬೆರೆಸಲಾಗಿತ್ತು. ಸಾಮಾನ್ಯ ಊಟದಲ್ಲಿ ಶೇಂಗಾ ತಿನ್ನುವ ಮನುಷ್ಯರಲ್ಲಿ ಎಲ್‌ಡಿಎಲ್ ಇಳಿದದ್ದೇ ಕಂಡುಬಂದಿದೆ. ಆದ್ದರಿಂದ ಶೇಂಗಾಕ್ಕೆ ಹೆದರಬೇಕಿಲ್ಲ. ಒಂದೇ ಅಂಕಿಯನ್ನು ನೋಡಿ ಎಣ್ಣೆಯನ್ನು ಅಳೆಯಬಾರದು ಎಂಬುದೇ ಇದರ ಪಾಠ.

ಹೆಪ್ಪುಗಟ್ಟುವಿಕೆ

ರಕ್ತದ ಪ್ಲೇಟ್‌ಲೆಟ್‌ಗಳು ಅರಾಕಿಡೋನಿಕ್ ಎಂಬ ಕೊಬ್ಬಿನಾಮ್ಲದಿಂದ ಥ್ರಾಂಬಾಕ್ಸೇನ್ ತಯಾರಿಸುತ್ತವೆ. ಅದು ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ರಕ್ತನಾಳದ ಒಳಪದರ ಅದೇ ಆಮ್ಲದಿಂದ ತಯಾರಿಸುವ ಪ್ರಾಸ್ಟಾಸೈಕ್ಲಿನ್ ಈ ಅಂಟುವಿಕೆಯನ್ನು ತಡೆಯುತ್ತದೆ. ಈ ಕ್ಷೇತ್ರದ ಸಂಶೋಧನೆಗೆ 1982ರ ನೊಬೆಲ್ ದೊರೆಯಿತು. ಹೃದಯಾಘಾತವಾದಾಗ ವೈದ್ಯರು ಆಸ್ಪಿರಿನ್ ಕೊಡುವುದು ಥ್ರಾಂಬಾಕ್ಸೇನ್ ತಯಾರಿಕೆಯನ್ನು ನಿಲ್ಲಿಸಲೆಂದೇ. ಮೀನಿನ ಒಮೆಗಾ-3 ಕೊಬ್ಬುಗಳಿಂದ ಹುಟ್ಟುವ ಥ್ರಾಂಬಾಕ್ಸೇನ್ ದುರ್ಬಲವಾದ್ದರಿಂದ ಅಂಟುವಿಕೆ ತಗ್ಗುತ್ತದೆ.

ರಾಯಚೂರಿನ ಎಣ್ಣೆಗಳು

ರಾಯಚೂರು ಹತ್ತಿಯ ದೊಡ್ಡ ಮಾರುಕಟ್ಟೆ, ದೇವದುರ್ಗದ ಹೊಲಗಳಲ್ಲೂ ಹತ್ತಿ ಬೆಳೆಯುತ್ತಾರೆ. ಹತ್ತಿಬೀಜದ ಎಣ್ಣೆಯಲ್ಲಿ ಲಿನೋಲಿಯಿಕ್ ಸುಮಾರು ಅರ್ಧದಷ್ಟಿದ್ದರೂ ಸಂತೃಪ್ತ ಕೊಬ್ಬು ನಾಲ್ಕನೆಯ ಒಂದು ಭಾಗದಷ್ಟಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿಯಲ್ಲಿ ಭತ್ತ ಬೆಳೆಯುತ್ತದೆ. ಅದರ ತೌಡಿನ ಎಣ್ಣೆಯಲ್ಲಿ ಸಂತೃಪ್ತ ಕೊಬ್ಬು ಶೇಕಡಾ 20ರಷ್ಟಿದ್ದು, ಒರೈಜನಾಲ್ ಮತ್ತು ಸಸ್ಯ ಸ್ಟೆರಾಲ್‌ಗಳೂ ಇವೆ. ಸಸ್ಯ ಸ್ಟೆರಾಲ್‌ಗಳು ಕರುಳಿನಲ್ಲಿ ಕೊಲೆಸ್ಟೆರಾಲ್ ಹೀರಿಕೆಯನ್ನು ತಡೆಯುತ್ತವೆ. ಸೂರ್ಯಕಾಂತಿಯಲ್ಲಿ ಸಂತೃಪ್ತ ಕೊಬ್ಬು ಶೇಕಡಾ 11ರಷ್ಟಿದೆ, ಆದರೆ ಒಮೆಗಾ-3 ಇಲ್ಲವೆಂದೇ ಹೇಳಬೇಕು.

ಈ ಕೊರತೆಗೆ ಉತ್ತರ ಜೋಳದ ರೊಟ್ಟಿಯ ಪಕ್ಕದಲ್ಲೇ ಇದೆ. ಅಗಸೆ ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ. ಇಡೀ ಬೀಜ ಜೀರ್ಣವಾಗದೆ ಹೊರಹೋಗಬಹುದು, ಕುಟ್ಟಿದ ಚಟ್ನಿಪುಡಿ ಜೀರ್ಣವಾಗುತ್ತದೆ. ದೇಹ ಇದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಮೀನಿನಲ್ಲಿರುವಂಥ ಕೊಬ್ಬಾಗಿ ಮಾರ್ಪಡಿಸುತ್ತದೆ. ಆದ್ದರಿಂದ ಇದು ಔಷಧಿಯಲ್ಲ, ಒಳ್ಳೆಯ ಆಹಾರ.

ವನಸ್ಪತಿಯಲ್ಲಿರಬಹುದಾದ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ, ಒಳ್ಳೆಯ ಎಚ್‌ಡಿಎಲ್ ಇಳಿಸುತ್ತದೆ. 2022ರಿಂದ ಭಾರತದಲ್ಲಿ ಅದಕ್ಕೆ ಶೇಕಡಾ 2ರ ಮಿತಿಯಿದೆ. ಮಿರ್ಚಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಯಾವ ಒಳ್ಳೆಯ ಎಣ್ಣೆಯೂ ಕೆಡುತ್ತದೆ. ಎಣ್ಣೆಯನ್ನು ಮಿತವಾಗಿ ಬಳಸಿ, ಬಗೆಗಳನ್ನು ಬದಲಿಸುತ್ತಿರಿ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಎಣ್ಣೆಯ ಭರವಸೆಯಲ್ಲಿ ಬಿಡಬೇಡಿ. ಎದೆನೋವು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಏಕೆಂದರೆ ಹೆಪ್ಪು ಕಾಯುವುದಿಲ್ಲ.