ಅರವತ್ತೆರಡು ಕೋಟಿ ಲೀಟರಿಗೆ ಒಂದು ಗ್ರಾಂ

ಒಲಿಂಪಿಕ್ ಅಳತೆಯ ಒಂದು ಈಜುಕೊಳಕ್ಕೆ 25 ಲಕ್ಷ ಲೀಟರ್ ನೀರು ಬೇಕು. ಅಂಥ 250 ಕೊಳಗಳನ್ನು ಸಮುದ್ರದ ಮೇಲ್ಪದರದ ನೀರಿನಿಂದ ತುಂಬಿಸಿದೆವು ಎಂದುಕೊಳ್ಳಿ. ಅಷ್ಟೂ ನೀರಿನಲ್ಲಿ ಬಿಡಿಯಾಗಿರುವ ಹೈಡ್ರೋಜನ್ ಅಯಾನುಗಳನ್ನೆಲ್ಲ ಸೋಸಿ ತಕ್ಕಡಿಗೆ ಹಾಕಲು ಸಾಧ್ಯವಿದ್ದರೆ ಸಿಗುವುದು ಸುಮಾರು ಐದು ಗ್ರಾಂ. ಕಲ್ಲಿದ್ದಲಿನ ಯುಗ ಶುರುವಾಗುವ ಮುನ್ನ ಅಷ್ಟೇ ನೀರಿನಲ್ಲಿ ನಾಲ್ಕು ಗ್ರಾಂ ಸಿಗುತ್ತಿತ್ತು. ಪಿಎಚ್ ಮಾಪಕದಲ್ಲಿ 8.2 ಇದ್ದದ್ದು 8.1ಕ್ಕೆ ಇಳಿದಿದೆ ಎನ್ನುವುದರ ಅರ್ಥ ಇದು. ಸಮುದ್ರ ಆಮ್ಲೀಯವಾಗುತ್ತಿದೆ ಎಂದು ಜಗತ್ತೇ ಆತಂಕಪಡುತ್ತಿರುವುದು 62 ಕೋಟಿ ಲೀಟರಿಗೆ ಒಂದು ಗ್ರಾಮಿನ ಏರಿಕೆಗೆ.

ಈಗ ಇನ್ನೊಂದು ತುದಿಯ ಲೆಕ್ಕ ನೋಡಿ. ಕೈಗಾರಿಕಾ ಕ್ರಾಂತಿಯಿಂದೀಚೆಗೆ ಸಾಗರಗಳು ಹೀರಿಕೊಂಡಿರುವ ಇಂಗಾಲದ ಡೈಆಕ್ಸೈಡ್ 50,000 ಕೋಟಿ ಟನ್ನಿಗೂ ಹೆಚ್ಚು. ಸದ್ಯ ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಒಳಗೆ ಹೋಗುತ್ತಿದೆ. ಅಂದರೆ ಹಗಲೂ ರಾತ್ರಿ, ಸೆಕೆಂಡಿಗೆ 300 ಟನ್ನಿಗೂ ಮಿಕ್ಕಿ. ನಮ್ಮ ಚಿಮಣಿಗಳೂ ವಾಹನಗಳೂ ಉಗುಳುವುದರಲ್ಲಿ ಹೆಚ್ಚುಕಡಿಮೆ ಕಾಲುಭಾಗವನ್ನು ಕಡಲು ಮರುಮಾತಿಲ್ಲದೆ ನುಂಗುತ್ತಿದೆ.

ಇಷ್ಟೊಂದು ಒಳಹೊಕ್ಕರೂ ಏರಿದ್ದು ಅಷ್ಟೇ ಏಕೆ? ನೀರಿನಲ್ಲಿ ಕರಗಿರುವ ಕಾರ್ಬೊನೇಟ್ ಅಯಾನುಗಳು ಈ ಅನಿಲ ನೀರಿನ ಜೊತೆ ಸೇರಿ ಹೊಸದಾಗಿ ಹುಟ್ಟಿದ ಆಮ್ಲವನ್ನು ಹಿಡಿದು ಅಡಗಿಸುತ್ತವೆ, ಹಾಗೆ ಮಾಡುತ್ತಲೇ ತಾವು ಬೈಕಾರ್ಬೊನೇಟ್ ಆಗಿ ಮಾರ್ಪಡುತ್ತವೆ. ಚಿಪ್ಪು ಕಟ್ಟುವ ಜೀವಿಗಳಿಗೆ ಬೇಕಾದದ್ದು ಇದೇ ಕಾರ್ಬೊನೇಟ್. ಕ್ಯಾಲ್ಸಿಯಮ್ಮಿಗೆ ಕಡಲಲ್ಲಿ ಎಂದೂ ಬರವಿಲ್ಲ, ಅದರ ಜೊತೆ ಸೇರಿ ಸುಣ್ಣವಾಗಬೇಕಾದ ಕಾರ್ಬೊನೇಟ್ ಮಾತ್ರ ದುಬಾರಿಯಾಗುತ್ತಿದೆ. ನನ್ನನ್ನು ಕಂಗೆಡಿಸುವುದು ಇದೇ. ಏರಿಕೆಯನ್ನು ಒಂದು ಗ್ರಾಮಿಗೆ ತಡೆದು ನಿಲ್ಲಿಸಲು ಸಮುದ್ರ ತನ್ನ ಮಕ್ಕಳ ಮನೆಗೆ ಮೀಸಲಿದ್ದ ಸಾಮಗ್ರಿಯನ್ನೇ ವೆಚ್ಚ ಮಾಡಿದೆ.

ಈ ಸಾಮಗ್ರಿ ಸಾಕಷ್ಟಿದೆಯೇ ಎಂದು ತಿಳಿಯಲು ಸಾಗರ ವಿಜ್ಞಾನಿಗಳು ಒಂದು ಅಂಕಿಯನ್ನು ಬಳಸುತ್ತಾರೆ. ಅರಗೊನೈಟ್ ಎಂಬ ಬಗೆಯ ಸುಣ್ಣಕ್ಕೆ ಆ ಅಂಕಿ ಒಂದಕ್ಕಿಂತ ಮೇಲಿದ್ದರೆ ಚಿಪ್ಪು ಉಳಿಯುತ್ತದೆ, ಒಂದಕ್ಕಿಂತ ಕೆಳಗಿಳಿದರೆ ನೀರೇ ಅದನ್ನು ಕರಗಿಸತೊಡಗುತ್ತದೆ. ಉಷ್ಣವಲಯದ ಮೇಲ್ಪದರದಲ್ಲಿ ಅದು ನಾಲ್ಕರ ಆಸುಪಾಸಿನಲ್ಲಿದೆ. ಧ್ರುವಗಳ ಬಳಿ ಒಂದೂವರೆ, ಕೆಲವೆಡೆ ಅದಕ್ಕೂ ಕಡಿಮೆ. ತಣ್ಣೀರು ಅನಿಲವನ್ನು ಹೆಚ್ಚು ಹಿಡಿದಿಡುತ್ತದೆ: 25 ಡಿಗ್ರಿಯ ನೀರಿಗಿಂತ ಸೊನ್ನೆ ಡಿಗ್ರಿಯ ನೀರಿನಲ್ಲಿ ಎರಡು ಪಟ್ಟಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಕರಗಬಲ್ಲದು. ಹೀಗಾಗಿ ಧ್ರುವದ ಕಡಲುಗಳು ಮೊದಲಿನಿಂದಲೂ ಅಂಚಿನ ಹತ್ತಿರವೇ ಬದುಕಿದವು. ಒಂದೂವರೆಯಿಂದ ಒಂದಕ್ಕೆ ಇರುವ ದೂರ ಅರ್ಧ ಮಾತ್ರ.

ಆ ಅಂಚಿನಲ್ಲೇ ಮನೆ ಮಾಡಿಕೊಂಡ ಜೀವಿಯ ಹೆಸರು ಲಿಮಾಸಿನಾ ಹೆಲಿಸಿನಾ. 1773ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟು ಹಿಮಕ್ಕೆ ಸಿಕ್ಕಿ ಹಿಂದಿರುಗಿದ ಬ್ರಿಟಿಷ್ ನೌಕಾಧಿಕಾರಿ ಕಾನ್‌ಸ್ಟಂಟೈನ್ ಫಿಪ್ಸ್ ಮರುವರ್ಷ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಆ ಯಾನದ ಎರಡು ಹಡಗುಗಳಲ್ಲೊಂದರಲ್ಲಿ 14 ವರ್ಷದ ಹುಡುಗನೊಬ್ಬನಿದ್ದ, ಮುಂದೆ ಟ್ರಫಾಲ್ಗರ್ ಕದನದಿಂದ ಹೆಸರಾದ ಹೊರೇಷಿಯೊ ನೆಲ್ಸನ್. ಫಿಪ್ಸ್ ಅದೇ ಪುಸ್ತಕದಲ್ಲಿ ಕ್ಲಿಯೋನಿ ಎಂಬ ಚಿಪ್ಪಿಲ್ಲದ ಇನ್ನೊಂದು ಜೀವಿಯನ್ನೂ ವರ್ಣಿಸಿದ್ದ. ಕ್ಲಿಯೋನಿಯ ಊಟ ಹೆಚ್ಚುಕಡಿಮೆ ಲಿಮಾಸಿನಾ ಒಂದೇ. ಬೇಟೆ ಮತ್ತು ಬೇಟೆಗಾರ ಒಟ್ಟಿಗೇ ದಾಖಲೆಗೆ ಬಂದವು.

ಲಿಮಾಸಿನಾ ಬಸವನಹುಳುವಿನ ಬಳಗದ್ದು, ಆದರೆ ತೆವಳುವುದಿಲ್ಲ. ಅದರ ಪಾದ ಎರಡು ರೆಕ್ಕೆಗಳಾಗಿ ಅರಳಿದೆ, ಕಡಲ ಚಿಟ್ಟೆ ಎಂದು ಕರೆಯುವುದು ಅದಕ್ಕೇ. 2016ರಲ್ಲಿ ಅತಿವೇಗದ ಕ್ಯಾಮೆರಾ ಹಿಡಿದು ನೋಡಿದವರಿಗೆ ಕಂಡದ್ದು ನೀರಿನಲ್ಲಿ ಹಣ್ಣುನೊಣದ ಹಾರಾಟ: ರೆಕ್ಕೆಗಳು ಎಂಟರ ಅಂಕಿಯನ್ನು ಬರೆಯುತ್ತ ದೇಹವನ್ನು ಎತ್ತುತ್ತವೆ. ಬಹುಪಾಲು ಮರಿಗಳು ಸಾಸಿವೆ ಕಾಳಿಗಿಂತ ದೊಡ್ಡವಲ್ಲ. ಅವುಗಳ ಚಿಪ್ಪಿನ ದಪ್ಪ ಕೆಲವೇ ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಕೆಲವು ಭಾಗ. ಅದೂ ಅರಗೊನೈಟಿನದು. ಇನ್ನೊಂದು ಬಗೆಯ ಸುಣ್ಣವಾದ ಕ್ಯಾಲ್ಸೈಟಿಗಿಂತ ಇದು ಒಂದೂವರೆ ಪಟ್ಟು ಸುಲಭವಾಗಿ ಕರಗುವಂಥದ್ದು.

ಇಷ್ಟು ಸಣ್ಣದರ ಬಗ್ಗೆ ಇಷ್ಟು ಮಾತೇಕೆ ಎನ್ನುವವರು ಉತ್ತರ ಪೆಸಿಫಿಕ್‌ನ ಗುಲಾಬಿ ಸಾಲ್ಮನ್ ಮೀನನ್ನು ನೋಡಬೇಕು. ಕೆಲವು ವರ್ಷಗಳಲ್ಲಿ ಅದರ ಮರಿಗಳ ಆಹಾರದ ಅರ್ಧ ತೂಕ ಈ ಚಿಟ್ಟೆಗಳದ್ದೇ. ಚಿಟ್ಟೆಗಳ ಉತ್ಪತ್ತಿ ಶೇ 10ರಷ್ಟು ಕುಸಿದರೆ ಬೆಳೆದ ಸಾಲ್ಮನ್ ಶೇ 20ರಷ್ಟು ತೂಕ ಕಳೆದುಕೊಂಡೀತು ಎಂದು ಒಂದು ಗಣಿತ ಮಾದರಿ ತೋರಿಸಿದೆ.

ಸಾಗರ ವಿಜ್ಞಾನಿ ವಿಕ್ಟೋರಿಯಾ ಫ್ಯಾಬ್ರಿ ಪೆಸಿಫಿಕ್‌ನ ಉತ್ತರ ಭಾಗದಲ್ಲಿ ಹಿಡಿದ ಇನ್ನೊಂದು ಜಾತಿಯ ಜೀವಂತ ಕಡಲ ಚಿಟ್ಟೆಗಳನ್ನು ಅರಗೊನೈಟಿನ ಅಂಕಿ ಒಂದಕ್ಕಿಂತ ಕೆಳಗಿದ್ದ ನೀರಿನಲ್ಲಿ ಬಿಟ್ಟಿದ್ದರು. 48 ಗಂಟೆಯೊಳಗೆ ಚಿಪ್ಪಿನ ಬೆಳೆಯುವ ಅಂಚು ಸವೆದಿತ್ತು. ಒಳಗಿನ ಜೀವಿ ಇನ್ನೂ ಈಜುತ್ತಲೇ ಇತ್ತು. ಈ ಫಲಿತಾಂಶ 2005ರಲ್ಲಿ ಪ್ರಕಟವಾದಾಗ ಇದು ಪ್ರಯೋಗಾಲಯದ ಮಾತು, ಮುಂದೆಂದೋ ಆಗುವ ಮಾತು ಎಂದು ಹೇಳಲು ಅವಕಾಶವಿತ್ತು. ಆ ಅವಕಾಶ ಬಹಳ ದಿನ ಉಳಿಯಲಿಲ್ಲ. 2008ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎಂಬ ಸಂಶೋಧನಾ ಹಡಗು ಅಂಟಾರ್ಕ್ಟಿಕಾದ ಬಳಿಯ ಸ್ಕೋಷಿಯಾ ಸಮುದ್ರದ ಮೇಲಿನ 200 ಮೀಟರಿನಿಂದಲೇ ಲಿಮಾಸಿನಾಗಳನ್ನು ಎತ್ತಿತು. ನೀನಾ ಬೆಡ್ನಾರ್ಷೆಕ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಜೀವಂತವಾಗಿ ಸಿಕ್ಕವುಗಳ ಚಿಪ್ಪೂ ತೀವ್ರವಾಗಿ ಕರಗಿತ್ತು. ಆಳದ ಇಂಗಾಲಭರಿತ ನೀರು ಮೇಲೆ ಉಕ್ಕುವ ಜಾಗ ಅದು. ಮೇಲಿನಿಂದ ಇಳಿದ ನಮ್ಮ ಪಾಲು ಅದರ ಜೊತೆ ಸೇರಿತ್ತು. 2011ರಲ್ಲಿ ಅಮೆರಿಕದ ಪಶ್ಚಿಮ ತೀರದುದ್ದಕ್ಕೂ ಅದೇ ತಪಾಸಣೆ ನಡೆಸಿದಾಗ ದಡದ ಹತ್ತಿರ ಸಿಕ್ಕವುಗಳಲ್ಲಿ ಶೇ 53, ದೂರದವುಗಳಲ್ಲಿ ಶೇ 24 ತೀವ್ರ ಹಾನಿಗೊಂಡಿದ್ದವು.

ಈ ಜೀವಿ ಸುಮ್ಮನೆ ಕರಗುತ್ತ ಕೂರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ವಿಕ್ಟೋರಿಯಾ ಪೆಕ್ ತಂಡ ಲಿಮಾಸಿನಾದ ಚಿಪ್ಪಿನ ಒಳಮೈಯಲ್ಲಿ ತೇಪೆಗಳನ್ನು ಗುರುತಿಸಿತು. ಹೊರಗೆ ಸವೆದಲ್ಲಿ ಒಳಗಿನಿಂದ ಹೊಸ ಸುಣ್ಣ ಬಳಿದುಕೊಳ್ಳುತ್ತದೆ. ಚಿಪ್ಪಿನ ಮೇಲಿನ ತೆಳು ಪೊರೆ ಹರಿಯದಿರುವವರೆಗೆ ಕರಗುವಿಕೆ ಅಷ್ಟಾಗಿ ತಟ್ಟುವುದಿಲ್ಲ. ಪ್ರೌಢ ಜೀವಿಗಳ ಮಟ್ಟಿಗೆ ಇದು ನೆಮ್ಮದಿಯ ಸುದ್ದಿ, ನಾನಂತೂ ಓದಿ ಹಿಗ್ಗಿದೆ. ಆದರೆ ತೇಪೆ ಹಾಕಲು ಶಕ್ತಿ ಬೇಕು, ಒಳಗೆ ಬಳಿಯಲು ಜಾಗವಿರುವಷ್ಟು ಚಿಪ್ಪು ಮೊದಲು ಬೆಳೆದಿರಬೇಕು.

ಮರಿಗಳಿಗೆ ಅದೆಲ್ಲಿಂದ ಬರಬೇಕು? ದಕ್ಷಿಣ ಸಾಗರದಲ್ಲಿ ಅವು ಬೆಳೆಯುವುದು ಚಳಿಗಾಲದಲ್ಲಿ, ಅರಗೊನೈಟಿನ ಅಂಕಿ ವರ್ಷದ ಅತಿ ಕೆಳಮಟ್ಟಕ್ಕೆ ಇಳಿಯುವ ತಿಂಗಳುಗಳಲ್ಲಿ. ಬೆನ್ ಮೆಕ್‌ನೀಲ್ ಮತ್ತು ರಿಚರ್ಡ್ ಮಟಿಯರ್ 2008ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 450 ಭಾಗ ಮುಟ್ಟಿದಾಗ ಅಲ್ಲಿನ ಚಳಿಗಾಲದ ಮೇಲ್ಪದರ ಒಂದಕ್ಕಿಂತ ಕೆಳಗಿಳಿಯತೊಡಗುತ್ತದೆ. ಫಿಪ್ಸ್ ಹಡಗು ಹತ್ತಿದಾಗ ಗಾಳಿಯಲ್ಲಿದ್ದದ್ದು ಸುಮಾರು 280. ಈಗ 420 ದಾಟಿದೆ, ವರ್ಷಕ್ಕೆ ಎರಡರಿಂದ ಮೂರರಂತೆ ಏರುತ್ತಿದೆ.