ಹಿಲ್‌ಕ್ರಾಫ್ಟ್‌ನ ಶನಿವಾರ

ಹ್ಯೂಸ್ಟನ್ನಿನ ಹೈವೇ 59 ಇಳಿದು ಹಿಲ್‌ಕ್ರಾಫ್ಟ್ ರಸ್ತೆಗೆ ತಿರುಗಿ, ಕಾರಿನ ಕಿಟಕಿ ಸ್ವಲ್ಪ ಇಳಿಸಿ. ಸಮೋಸ ಕರಿಯುವ ಎಣ್ಣೆ, ಊದುಬತ್ತಿ, ಕಾದ ಡಾಂಬರು ಎಲ್ಲ ಕಲೆತ ಒಂದು ವಾಸನೆ ಮುಖಕ್ಕೆ ಬಡಿಯುತ್ತದೆ. ಒಂದು ಗಾಜಿನಾಚೆ ರೇಷ್ಮೆ ಸೀರೆ ಉಟ್ಟ ಬೊಂಬೆಗಳು, ಪಕ್ಕದಲ್ಲೇ ಬಂಗಾರದಂಗಡಿ, ಅದರಾಚೆ 1986ರಿಂದ ಸಿಹಿ ಮಾರುತ್ತಿರುವ ರಾಜಾ ಸ್ವೀಟ್ಸ್. ಬೀದಿಫಲಕದ ನೆತ್ತಿಗೆ ಇನ್ನೊಂದು ಪುಟ್ಟ ಫಲಕವಿದೆ: ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್. ವ್ಯಾಪಾರಿಗಳು ಬಹಳ ಕಾಲ ಕೇಳಿಕೊಂಡ ಮೇಲೆ 2010ರ ಜನವರಿಯಲ್ಲಿ ಸಿಕ್ಕ ಹೆಸರು ಅದು.

ದಿನಸಿ ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲಗಳನ್ನು ಹೆಗಲಿಗೇರಿಸಿ ತರುವ ಹುಡುಗ ಸ್ಪ್ಯಾನಿಷ್‌ನಲ್ಲಿ ಹಾಡಿಕೊಳ್ಳುತ್ತಾನೆ, ದಾರಿ ಬೇಕಾದಾಗ ಮಾತ್ರ ಹಿಂದಿಯಲ್ಲಿ ಕೂಗುತ್ತಾನೆ. ತರಕಾರಿ ಕಟ್ಟೆಯ ಹತ್ತಿರ ಹತ್ತಿ ಸೀರೆಯ ಹಿರಿಯ ಹೆಂಗಸೊಬ್ಬರು ಕರಿಬೇವಿನ ಪೊಟ್ಟಣಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಕಪ್ಪು ಚುಕ್ಕೆ ಕಂಡದ್ದನ್ನು ಬದಿಗಿಟ್ಟು, ಕೊನೆಗೆ ಒಂದನ್ನು ಮೂಗಿಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ಅವರ ಗಾಡಿಯಲ್ಲಿ ನುಗ್ಗೆಕಾಯಿ, ಎಂಟಿಆರ್ ರವೆ ಇಡ್ಲಿ, ಒಂದು ಪೊಟ್ಟಣ ಕಾಫಿಪುಡಿ.

“ಈ ಸಲ ಊರಿಗೆ ಹೋಗ್ಲಿಲ್ವೇನಪ್ಪಾ?” ಎಂದು ಪಕ್ಕದಲ್ಲಿ ತೆಂಗಿನಕಾಯಿ ಕುಲುಕಿ ನೋಡುತ್ತಿದ್ದ ಹುಡುಗನನ್ನು ಕೇಳುತ್ತಾರೆ.

“ಇಲ್ಲ ಆಂಟಿ. ವೀಸಾ ಸ್ಟಾಂಪಿಂಗ್ ಡೇಟು ಮುಂದಕ್ಕೆ ಹೋಯ್ತು. ಹೋದ್ರೆ ಅಲ್ಲೇ ಸಿಕ್ಕಿಹಾಕ್ಕೋತೀನಿ. ಅಪ್ಪನ ವರ್ಷಾಂತಿಕಕ್ಕೂ ಹೋಗೋಕಾಗ್ಲಿಲ್ಲ.”

ಅಷ್ಟೇ ಮಾತು. ಆದರೆ ಇಡೀ ಅಮೆರಿಕದ ರಾಜಕೀಯ ಆ ತೆಂಗಿನಕಾಯಿ ರಾಶಿಯ ಮುಂದೆ ಬಂದು ನಿಂತಂತಾಯಿತು. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್-1ಬಿ ವೀಸಾದ ನೌಕರನಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಿತ್ತು. ಡಿಸೆಂಬರಿನಲ್ಲಿ ಅರ್ಜಿದಾರರ ಸೋಷಿಯಲ್ ಮೀಡಿಯಾ ತಪಾಸಣೆ ಶುರುವಾಗಿ ಭಾರತದ ಕಾನ್ಸುಲೇಟ್‌ಗಳ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಗ್ರೀನ್ ಕಾರ್ಡಿನ ಮಾತಂತೂ ಬೇಡವೇ ಬೇಡ: ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚಿಲ್ಲವೆಂಬ ಮಿತಿಯಿಂದಾಗಿ ಭಾರತದವರ ಸಾಲು ದಶಕಗಳಷ್ಟು ಉದ್ದವಾಗಿದೆ.

ಹತ್ತಿರದ ಶುಗರ್‌ಲ್ಯಾಂಡಿನಲ್ಲಿ 2024ರಲ್ಲಿ ತೊಂಬತ್ತು ಅಡಿಯ ಹನುಮಂತ ಎದ್ದು ನಿಂತಾಗ ಸಂಭ್ರಮಿಸಿದವರೇ, ಮರುವರ್ಷ ಸೆನೆಟ್ ಸೀಟಿಗೆ ನಿಂತಿದ್ದ ರಿಪಬ್ಲಿಕನ್ ಒಬ್ಬರು ಆ ಮೂರ್ತಿ ಟೆಕ್ಸಾಸ್‌ನಲ್ಲಿ ಏಕಿರಬೇಕೆಂದು ಕೇಳಿದಾಗ ಬೆಚ್ಚಿದರು. ಅದೇ ವರ್ಷ ಡಾಲಸ್‌ನ ಮೋಟೆಲಿನಲ್ಲಿ ಕರ್ನಾಟಕ ಮೂಲದ ಮ್ಯಾನೇಜರರನ್ನು ಹೆಂಡತಿ ಮಗನ ಕಣ್ಣೆದುರೇ ಕೊಂದರು. ಆರೋಪಿ ಕ್ಯೂಬಾದಿಂದ ಬಂದವನೆಂದು ತಿಳಿದದ್ದೇ ತಡ, ಆ ಮನೆಯ ದುಃಖವೂ ವಲಸಿಗರ ವಿರುದ್ಧದ ಭಾಷಣಕ್ಕೆ ಸರಕಾಯಿತು. ಸತ್ತವರೂ ವಲಸಿಗರೇ ಎಂಬುದನ್ನು ಅಲ್ಲಿ ಯಾರೂ ನೆನೆಯಲಿಲ್ಲ.

ಹಳೆಯ ಅಮೆರಿಕ ಮತ್ತೆ ಬರಬೇಕು ಎನ್ನುವವರ ಮಾತು ಕೇಳಿದಾಗಲೆಲ್ಲ, ಯಾವ ವರ್ಷದ ಅಮೆರಿಕ ಎಂದು ಕೇಳಬೇಕೆನಿಸುತ್ತದೆ. 1923ರಲ್ಲಿ ಭಾರತದಿಂದ ಬಂದ ಭಗತ್ ಸಿಂಗ್ ಥಿಂಡ್ ಬಿಳಿಯನಲ್ಲ, ಹಾಗಾಗಿ ಪೌರನಾಗಲಾರ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತ ಅಮೆರಿಕವೇ? ಭಾರತಕ್ಕೆ ವರ್ಷಕ್ಕೆ ನೂರೇ ಜನರ ಕೋಟಾ ಕೊಟ್ಟ 1946ರದ್ದೇ? ಬಾಗಿಲು ತೆರೆದದ್ದು 1965ರ ಅಕ್ಟೋಬರ್ 3ರಂದು, ಇದೇ ಟೆಕ್ಸಾಸಿನವರಾದ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ. ಈ ಬೀದಿ ಹುಟ್ಟಿದ್ದೇ ಆ ಸಹಿಯಿಂದ.

ಹಳೆಯದರ ಹಂಬಲ ಇಲ್ಲಿಯೂ ಇದೆ. ಪಕ್ಕದ ಉಡಿಪಿ ಕೆಫೆಯ ದೋಸೆಕಾವಲಿಯ ಸದ್ದಿನಲ್ಲಿದೆ, ಕರಿಬೇವು ಮೂಸಿದ ಆ ಮುಖದಲ್ಲಿದೆ. ಅದು ಯಾರನ್ನೂ ಹೊರಗೆ ಹೋಗೆನ್ನುವುದಿಲ್ಲ.

ಬಿಲ್ಲಿನ ಸಾಲಿನಲ್ಲಿ ಆಂಟಿ ಹುಡುಗನ ಕಡೆ ತಿರುಗುತ್ತಾರೆ. “ಸಿಟಿಜನ್ ಆಗಿ ಇಷ್ಟು ವರ್ಷ ಆಯ್ತು, ಲೋಕಲ್ ಎಲೆಕ್ಷನ್‌ಗೆ ಒಂದ್ಸಲನೂ ಹೋಗಿರ್ಲಿಲ್ಲ ನಾನು. ಈಗ ಹೋಗ್ತೀನಿ. ನಮ್ಮನೆಯವರನ್ನೂ ಕರ್ಕೊಂಡು ಹೋಗ್ತೀನಿ.” ಅಕ್ಕಿ ಹೊತ್ತ ಹುಡುಗ ಅವರ ಚೀಲವನ್ನು ಕಾರಿನವರೆಗೆ ತರಲು ಆಗಲೇ ಬಾಗಿಲು ನೂಕಿ ನಿಂತಿದ್ದಾನೆ.