ಗಣಕಯಂತ್ರದಲ್ಲಿ ನೆರೆಪಾಲಿನ ಬಾಗಿಲು

ಪಾಲಾದ ಮನೆಯನ್ನು ನಮ್ಮ ಕಡೆ ಕಾಣದವರಿಲ್ಲ. ಹೊರಗಿನಿಂದ ನೋಡಿದರೆ ಒಂದೇ ಹೆಂಚಿನ ಸೂರು, ಒಂದೇ ಜಗಲಿ. ಒಳಗೆ ಮಾತ್ರ ನಡುಗೋಡೆ ಎದ್ದಿರುತ್ತದೆ. ಅಣ್ಣನ ಪಾಲಿನಲ್ಲಿ ಅವನ ಒಲೆ, ಅವನ ಪೆಟ್ಟಿಗೆ. ತಮ್ಮನ ಪಾಲಿನಲ್ಲಿ ಇವನವು. ಗಣಕಯಂತ್ರದೊಳಗೆ ವಿಷಯವನ್ನೆಲ್ಲ ಕೂಡಿಡುವ ಡಿಸ್ಕು ಬಹುಮಟ್ಟಿಗೆ ಇಂಥದೇ ಮನೆ. ಅದರ ಒಂದೊಂದು ಪಾಲಿಗೆ ಪಾರ್ಟಿಷನ್ ಎಂದು ಹೆಸರು. ಒಂದು ಪಾಲಿನಲ್ಲಿ ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಸಂಸಾರ ಹೂಡಿರಬಹುದು. ಪಕ್ಕದ ಪಾಲಿನಲ್ಲಿ ಯೂನಿಕ್ಸ್ ಮಾದರಿಯ ಲಿನಕ್ಸ್ ಇರಬಹುದು. ಈ ಪಾಲಿನಲ್ಲಿ ಕುಳಿತು ಆ ಪಾಲಿನ ಪೆಟ್ಟಿಗೆಯನ್ನು ತೆರೆಯಬಹುದೆ? ತೆರೆಯಬಹುದು. ಅದು ಹೇಗೆ, ಎಷ್ಟು ಎಚ್ಚರದಿಂದ ಎಂಬುದನ್ನು ಇಲ್ಲಿ ವಿಚಾರಿಸೋಣ.

ಇದನ್ನು ಗೃಹಸ್ಥರು ಏಕೆ ತಿಳಿಯಬೇಕೆಂದು ಕೇಳಬಹುದು. ಕಾರಣವುಂಟು. ವಿಂಡೋಸ್ ೧೦ ಎಂಬ ಆವೃತ್ತಿಗೆ ಅದರ ತಯಾರಕರಾದ ಮೈಕ್ರೋಸಾಫ್ಟ್ ಕಂಪನಿಯವರು ೨೦೨೫ರ ಅಕ್ಟೋಬರ್ ೧೪ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಮುಂದಿನ ಆವೃತ್ತಿಯನ್ನು ಹೊರಲಾರದ ಹಳೆಯ ಯಂತ್ರಗಳು ಹಾಸನದಲ್ಲೂ ಇವೆ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೂ ಇವೆ. ಒಂದು ದಿನ ಯಂತ್ರ ಮೇಲೇಳುವುದಿಲ್ಲ. ಅಂಗಡಿಗೆ ಒಯ್ದರೆ, "ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡೋಣ ಸಾರ್" ಎಂಬ ಉತ್ತರ ಸಲೀಸಾಗಿ ಬರುತ್ತದೆ. ಯಂತ್ರವೇನೋ ಸರಿಹೋಗುತ್ತದೆ, ಒಳಗಿದ್ದುದು ಹೋಗುತ್ತದೆ. ಹೊಳೆನರಸೀಪುರದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಸುತ್ತಲ ಹಳ್ಳಿಗಳ ಸೋಬಾನೆ ಪದಗಳನ್ನು ಹತ್ತು ವರ್ಷ ಕೂತು ಟೈಪು ಮಾಡಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಹಾಡಿದ ಮುದುಕಿಯರಲ್ಲಿ ಅನೇಕರು ಈಗ ಇಲ್ಲ. ಆ ಪದಗಳು ಇರುವುದು ಆ ಡಿಸ್ಕಿನಲ್ಲಿ ಮಾತ್ರ. ಇಂಥಲ್ಲಿ ಫಾರ್ಮ್ಯಾಟ್ ಎಂಬ ಒಂದು ಮಾತಿಗೆ ತಲೆಯಾಡಿಸುವ ಮುನ್ನ ಬೇರೆ ದಾರಿಯುಂಟೆಂದು ತಿಳಿದಿರುವುದು ಒಳ್ಳೆಯದಲ್ಲವೆ?

ಮೊದಲು ಪಾಲಿನ ವಿಷಯ. ಜಮೀನಿಗೆ ಸರ್ವೆ ನಕ್ಷೆ ಇರುವಂತೆ ಡಿಸ್ಕಿನ ಆರಂಭದಲ್ಲಿ ಒಂದು ಪಟ್ಟಿ ಇರುತ್ತದೆ. ಯಾವ ಪಾಲು ಎಲ್ಲಿ ಮೊದಲಾಗಿ ಎಲ್ಲಿಗೆ ಮುಗಿಯಿತು ಎಂಬ ಎಲ್ಲೆಕಟ್ಟು ಅದರಲ್ಲಿರುತ್ತದೆ. ಹಳೆಯ ಪದ್ಧತಿಯ ಪಟ್ಟಿಯಲ್ಲಿ ನಾಲ್ಕು ಮುಖ್ಯ ಪಾಲುಗಳಿಗೆ ಮಾತ್ರ ಅವಕಾಶ. ಈಗಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ೧೨೮ರವರೆಗೆ ಉಂಟು. ವಿಂಡೋಸ್ ಕೆಟ್ಟು ಮಲಗಿತೆಂದರೆ ಈ ಪಟ್ಟಿಯೂ ಪಾಲುಗಳೂ ಕೆಟ್ಟವೆಂದು ಅರ್ಥವಲ್ಲ. ಮನೆಯ ಯಜಮಾನ ಹಾಸಿಗೆ ಹಿಡಿದರೆ ಪೆಟ್ಟಿಗೆಯೊಳಗಿನ ಪತ್ರಗಳು ಹರಿದುಹೋಗುತ್ತವೆಯೆ? ಈ ಒಂದು ಅಂಶವೇ ನಮ್ಮ ಆಸೆಗೆಲ್ಲ ಆಧಾರ.

ಇನ್ನು ಎರಡನೆಯದು, ಪಾಲಿನೊಳಗಿನ ಬರೆಹದ ಕ್ರಮ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ನಿಂತು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಆ ಮೂರ್ತಿಯನ್ನು ಚಾವುಂಡರಾಯ ಮಾಡಿಸಿದನೆಂಬ ಒಂದೇ ವಿಷಯವನ್ನು ಅಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ನಾಗರಿಯಲ್ಲೂ ಕೆತ್ತಿದ್ದಾರೆ. ಕಲ್ಲು ಒಂದೇ, ವಿಷಯವೂ ಒಂದೇ. ಆದರೆ ನಾಗರಿ ಬಾರದವನಿಗೆ ಆ ಸಾಲು ಬರಿಯ ಗೀಟು. ಡಿಸ್ಕಿನ ಪಾಲುಗಳೂ ಹಾಗೆಯೇ. ಯಾವ ಕಡತ ಎಲ್ಲಿದೆ, ಅದರ ಹೆಸರೇನು, ಎಷ್ಟು ದೊಡ್ಡದು ಎಂಬುದನ್ನು ಬರೆದಿಡುವ ಕ್ರಮಕ್ಕೆ ಕಡತ ವ್ಯವಸ್ಥೆ, ಫೈಲ್ ಸಿಸ್ಟಮ್, ಎನ್ನುತ್ತಾರೆ. ವಿಂಡೋಸಿನ ಲಿಪಿ ಎನ್‌ಟಿಎಫ್‌ಎಸ್. ಅದು ೧೯೯೩ರಲ್ಲಿ ಬಂತು. ಲಿನಕ್ಸಿನಲ್ಲಿ ಬಹಳ ಬಳಕೆಯಲ್ಲಿರುವುದು ಎಕ್ಸ್ಟ್ ೪. ಪೆನ್ ಡ್ರೈವುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್. ಒಂದರ ಲಿಪಿ ಇನ್ನೊಂದಕ್ಕೆ ಬಂದರೆ ಓದೀತು, ಬಾರದಿದ್ದರೆ ಇಲ್ಲ.

ಲಿನಕ್ಸಿನ ಹಿರಿಮೆ ಇಲ್ಲಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೬೯ರಲ್ಲಿ ಮೊದಲಾದ ಯೂನಿಕ್ಸಿನ ಹಾದಿಯಲ್ಲಿ, ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಇದನ್ನು ಆರಂಭಿಸಿದ. ಮುಂದೆ ಲೋಕದ ನಾನಾ ಕಡೆಯವರು ಸೇರಿ ಇದಕ್ಕೆ ಅನೇಕ ಲಿಪಿಗಳನ್ನು ಕಲಿಸಿದರು. ಎನ್‌ಟಿಎಫ್‌ಎಸ್ಸನ್ನು ಓದುವುದು ಮೊದಲೇ ಬಂದಿತ್ತು. ಅದರಲ್ಲಿ ನಿರ್ಭಯವಾಗಿ ಬರೆಯುವುದು ಮಾತ್ರ ಬಹುಕಾಲ ಬರಲಿಲ್ಲ. ೨೦೦೭ರಲ್ಲಿ ಎನ್‌ಟಿಎಫ್‌ಎಸ್-೩ಜಿ ಎಂಬ ತಂತ್ರಾಂಶ ಸ್ಥಿರವಾದ ಮೇಲೆ ಆ ಕೊರತೆ ನೀಗಿತು. ೨೦೨೧ರಲ್ಲಿ ಲಿನಕ್ಸಿನ ತಿರುಳಿನೊಳಗೇ ಇನ್ನೊಂದು ಚಾಲಕ ಸೇರಿತು.

ಲಿಪಿ ಬಂದರಷ್ಟೆ ಸಾಲದು, ಬಾಗಿಲೂ ಬೇಕು. ವಿಂಡೋಸಿನಲ್ಲಿ ಪಾಲುಗಳಿಗೆ ಸಿ, ಡಿ ಎಂದು ಬೇರೆ ಬೇರೆ ಅಕ್ಷರಗಳು. ಯೂನಿಕ್ಸ್ ಮಾದರಿಯಲ್ಲಿ ಹಾಗಲ್ಲ. ಅಲ್ಲಿ ಎಲ್ಲವೂ ಒಂದೇ ಬೇರಿನಿಂದ ಹೊರಟ ಒಂದೇ ಮರ. ಹೊಸ ಪಾಲನ್ನು ಕಾಣಬೇಕಾದರೆ ಆ ಮರದ ಯಾವುದಾದರೂ ಒಂದು ಖಾಲಿ ಕೋಶಕ್ಕೆ ಅದನ್ನು ಜೋಡಿಸಬೇಕು. ಈ ಜೋಡಣೆಗೆ ಮೌಂಟ್ ಎಂದು ಹೆಸರು. ಪಾಲಾದ ಮನೆಯ ನಡುಗೋಡೆಯಲ್ಲಿ ಬಾಗಿಲು ತೆರೆದಂತೆ ಇದು. ತೆರೆದಾಗ ಅಣ್ಣನ ಪಾಲಿನ ಸಾಮಾನು ತಮ್ಮನ ನಡುಮನೆಯಿಂದ ಕಾಣುತ್ತದೆ, ಮುಚ್ಚಿದಾಗ ಕಾಣುವುದಿಲ್ಲ. ಸಾಮಾನು ಮಾತ್ರ ಇದ್ದಲ್ಲೇ ಇರುತ್ತದೆ.

ಇದನ್ನು ಮಾಡುವ ಬಗೆ ಕಷ್ಟವಲ್ಲ. ಎಂಟು ಜಿಬಿಯ ಪೆನ್ ಡ್ರೈವಿನಲ್ಲಿ ಉಬುಂಟು ಮುಂತಾದ ಲಿನಕ್ಸನ್ನು ಹಾಕಿಕೊಂಡು ಯಂತ್ರವನ್ನು ಅದರಿಂದಲೇ ಎಬ್ಬಿಸಬಹುದು. ಎದ್ದೊಡನೆ ಸ್ಥಾಪಿಸಬೇಕೆ, ಪರೀಕ್ಷಿಸಿ ನೋಡಬೇಕೆ ಎಂದು ಕೇಳುತ್ತದೆ. ಪರೀಕ್ಷಿಸುವುದನ್ನೇ ಆರಿಸಬೇಕು, ಆಗ ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಲಿನಕ್ಸ್ ನಡೆಯುತ್ತದೆ. ಕಡತಗಳನ್ನು ತೋರಿಸುವ ಕಿಟಕಿಯ ಬದಿಯಲ್ಲಿ ಪಾಲುಗಳು ಕಾಣುತ್ತವೆ. ಬೇಕಾದುದರ ಮೇಲೆ ಒತ್ತಿದರೆ ಮೌಂಟ್ ತಾನಾಗಿ ಆಗುತ್ತದೆ. ಆದೇಶ ಕೊಟ್ಟು ಮಾಡುವವರು ಎಲ್, ಎಸ್, ಬಿ, ಎಲ್, ಕೆ ಎಂಬ ಐದಕ್ಷರ ಕೊಟ್ಟರೆ ಪಾಲುಗಳ ಪಟ್ಟಿ ಬರುತ್ತದೆ. ಎಸ್‌ಡಿಎ ೧, ಎಸ್‌ಡಿಎ ೨ ಎಂಬಂಥ ಹೆಸರುಗಳಲ್ಲಿ ನಮ್ಮದು ಯಾವುದೆಂಬುದನ್ನು ಗಾತ್ರದಿಂದ ಗುರುತಿಸಿ, ಒಂದು ಖಾಲಿ ಕೋಶ ಮಾಡಿ, ಅದಕ್ಕೆ ಜೋಡಿಸಬೇಕು. ಜೋಡಿಸುವಾಗ 'ಓದಲು ಮಾತ್ರ' ಎಂಬ ಷರತ್ತನ್ನು ಹಾಕುವುದು ಸರ್ವೋತ್ತಮ. ಕೈ ತಪ್ಪಿದರೂ ಆಗ ಏನೂ ಅಳಿಯದು. ನಂತರ ಬೇಕಾದ ಕಡತಗಳನ್ನು ಬೇರೊಂದು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಕೆಟ್ಟಿರುವ ಯಂತ್ರದ ಡಿಸ್ಕಿಗೇ ನಕಲು ಮಾಡಿದರೆ ಉಳಿಸಿದಂತಾಗುವುದಿಲ್ಲ. ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ಮಾತ್ರ ಈ ಪ್ರಯತ್ನ ಬೇಡ. ಯಂತ್ರವನ್ನು ಆರಿಸಿ, ಡಿಸ್ಕಿನಿಂದ ವಿಷಯ ತೆಗೆಯುವ ಪರಿಣತರಲ್ಲಿಗೆ ಒಯ್ಯಬೇಕು.

ಇಲ್ಲೊಂದು ತೊಡಕು ಅನೇಕರನ್ನು ಗಾಬರಿಗೊಳಿಸುತ್ತದೆ. ಎಲ್ಲವೂ ಸರಿಯಿದ್ದರೂ ಲಿನಕ್ಸ್ ಕೆಲವು ವೇಳೆ ಜೋಡಿಸಲು ಒಪ್ಪುವುದಿಲ್ಲ, ಇಲ್ಲವೆ ಓದಲು ಮಾತ್ರ ಬಿಡುತ್ತದೆ. ಕಾರಣವಿಷ್ಟು: ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ ಯಂತ್ರವನ್ನು ಮುಚ್ಚಿದಾಗ ಅದು ಪೂರ್ತಿ ಮುಚ್ಚುವುದಿಲ್ಲ. ಮತ್ತೆ ಬೇಗ ಏಳಬೇಕೆಂದು ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ದೆಗೆ ಹೋಗುತ್ತದೆ. ಒಲೆಯ ಮೇಲೆ ಅನ್ನ ಇಟ್ಟು ಮಲಗಿದವರ ಅಡಿಗೆಮನೆಗೆ ಪಕ್ಕದವರು ನುಗ್ಗಿ ಪಾತ್ರೆ ಸರಿಸಿದರೆ ಏನಾದೀತು? ಎದ್ದವರ ನೆನಪಿಗೂ ಎದುರಿನ ಪಾತ್ರೆಗೂ ಹೊಂದುವುದಿಲ್ಲ. ಹಾಗೆಯೇ ವಿಂಡೋಸ್ ಮರಳಿ ಎದ್ದಾಗ ಪಾಲಿನ ಲೆಕ್ಕ ಕಲಸಿಹೋಗಬಹುದು. ಲಿನಕ್ಸ್ ಹಿಂಜರಿಯುವುದು ಈ ವಿವೇಕದಿಂದ. ವಿಂಡೋಸ್ ಏಳುವಂತಿದ್ದರೆ ಅದನ್ನು ಎಬ್ಬಿಸಿ, ಶಿಫ್ಟ್ ಗುಂಡಿಯನ್ನು ಒತ್ತಿ ಹಿಡಿದು ಮುಚ್ಚಿದರೆ ಪೂರ್ತಿ ಮುಚ್ಚುತ್ತದೆ. ಏಳದಿದ್ದರೆ ಓದಲು ಮಾತ್ರ ಜೋಡಿಸಿ ನಕಲು ಮಾಡಿಕೊಂಡರಾಯಿತು. ಬಲವಂತದಿಂದ ಬರೆಯಹೋಗುವುದು ಸಲ್ಲದು.

ತೆರೆದ ಬಾಗಿಲನ್ನು ಮುಚ್ಚುವುದಕ್ಕೂ ಕ್ರಮವುಂಟು. ನಕಲು ಮುಗಿಯಿತೆಂದು ತೆರೆಯ ಮೇಲೆ ಕಂಡರೂ ಯಂತ್ರ ಸ್ವಲ್ಪ ಭಾಗವನ್ನು ತನ್ನ ಸ್ಮೃತಿಯಲ್ಲೇ ಇಟ್ಟುಕೊಂಡು, ಬಿಡುವಾದಾಗ ಡಿಸ್ಕಿಗೆ ಬರೆಯುತ್ತದೆ. ಅಷ್ಟರಲ್ಲಿ ಕಿತ್ತರೆ ಆ ಭಾಗ ಅಲ್ಲಿಗೇ ಮುಗಿಯಿತು. ಆದಕಾರಣ ಅನ್‌ಮೌಂಟ್ ಎಂಬುದನ್ನು ಮಾಡಿ, ಅದು ಮುಗಿದ ಮೇಲೆಯೇ ಹೊರಗಿನ ಡಿಸ್ಕನ್ನು ತೆಗೆಯಬೇಕು. ಪೆನ್ ಡ್ರೈವಿಗೂ ಇದೇ ನಿಯಮ.

ಎದುರು ದಿಕ್ಕಿನ ಅಪಾಯವನ್ನೂ ಹೇಳಬೇಕು. ಲಿನಕ್ಸಿನ ಎಕ್ಸ್ಟ್ ೪ ಪಾಲಿರುವ ಡಿಸ್ಕನ್ನು ವಿಂಡೋಸ್ ಯಂತ್ರಕ್ಕೆ ಸಿಕ್ಕಿಸಿದರೆ, ಅದು ಓದಲಾರದೆ, 'ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೆ?' ಎಂಬರ್ಥದ ಪ್ರಶ್ನೆಯನ್ನು ಮುಂದಿಡುತ್ತದೆ. ತನಗೆ ಓದಲು ಬಾರದ ಶಾಸನವನ್ನು ಉಜ್ಜಿ ಅಳಿಸಲೆ ಎಂದು ಕೇಳಿದಂತೆ ಇದು! ರದ್ದು ಎಂದು ಉತ್ತರಿಸಿ ಡಿಸ್ಕನ್ನು ತೆಗೆದುಬಿಡಬೇಕು. ನಮ್ಮ ಪ್ರೌಢಶಾಲೆಗಳಲ್ಲಿ ಈ ಎಚ್ಚರ ಹೆಚ್ಚು ಬೇಕು. ರಾಜ್ಯದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸಾವಿರಾರು ಉಪಾಧ್ಯಾಯರು ಉಬುಂಟುವಿನ ಮೇಲೆ ಕೈ ಪಳಗಿಸಿಕೊಂಡಿದ್ದಾರೆ. ಶಾಲೆಯಲ್ಲಿ ಲಿನಕ್ಸ್, ಮನೆಯಲ್ಲಿ ವಿಂಡೋಸ್ ಎಂಬುದು ಅನೇಕರ ಸ್ಥಿತಿ. ಎರಡು ಕಡೆಗೂ ಓಡಾಡುವ ಪೆನ್ ಡ್ರೈವು ಎಕ್ಸ್‌ಫ್ಯಾಟಿನಲ್ಲಿದ್ದರೆ ಈಗಿನ ಎರಡು ವ್ಯವಸ್ಥೆಗಳೂ ಅದನ್ನು ಓದಿ ಬರೆಯುತ್ತವೆ.

ಬೀಗದ ವಿಷಯವನ್ನೂ ಮರೆಯುವಂತಿಲ್ಲ. ವಿಂಡೋಸಿಗೆ ಗುಪ್ತಪದ ಹಾಕಿದ್ದೇವೆ, ನಮ್ಮ ಕಡತಗಳು ಭದ್ರ ಎಂದು ಅನೇಕರು ತಿಳಿದಿದ್ದಾರೆ. ಆ ಗುಪ್ತಪದ ಮುಂಬಾಗಿಲಿನ ಕಾವಲುಗಾರ ಮಾತ್ರ. ನಡುಗೋಡೆಯ ಬಾಗಿಲಲ್ಲಿ ಬಂದವರನ್ನು ಅವನು ಕಾಣುವುದಿಲ್ಲ. ಕೆಟ್ಟ ಯಂತ್ರವನ್ನು ಮಾರುವಾಗ ಡಿಸ್ಕನ್ನು ಹಾಗೆಯೇ ಬಿಡಬಾರದೆಂಬುದಕ್ಕೆ ಇದೇ ಕಾರಣ. ನಿಜವಾದ ಬೀಗ ಬಿಟ್‌ಲಾಕರ್ ಎಂಬ ಗೂಢಲಿಪಿ. ಅದು ಹಾಕಿದ್ದರೆ ಲಿನಕ್ಸೂ ಕೀಲಿಯಿಲ್ಲದೆ ಒಳಹೋಗದು. ಈಚಿನ ಹಲವು ಹೊಸ ಯಂತ್ರಗಳಲ್ಲಿ ಇಂಥ ಬೀಗ ಯಜಮಾನರಿಗೆ ಗೊತ್ತಿಲ್ಲದೆಯೇ ಬಿದ್ದಿರುವುದುಂಟು. ಅದರ ೪೮ ಅಂಕಿಗಳ ಪುನಃಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದು ಆಸ್ತಿಪತ್ರಗಳ ಜೊತೆಯಲ್ಲಿಡುವುದು ಜಾಣತನ. ಅದು ಕಳೆದರೆ ಯಾವ ಅಂಗಡಿಯವರಿಗೂ ತೆರೆಯುವ ಉಪಾಯವಿಲ್ಲ.

ಕೊನೆಯದಾಗಿ ಕನ್ನಡಿಗರಿಗೇ ಮೀಸಲಾದ ಒಂದು ಸಂಕಟ. ಪಾಲು ತೆರೆಯಿತು, ಕಡತವೂ ಸಿಕ್ಕಿತು, ಹೆಸರು ಕನ್ನಡದಲ್ಲಿದ್ದರೆ ಅದೂ ಸರಿಯಾಗಿ ಕಂಡಿತು. ಆದರೆ ಒಳಗೆ ನೋಡಿದರೆ ಕನ್ನಡವಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಕಡತ ಕೆಟ್ಟಿತೆಂದು ಅಳಿಸಬೇಡಿ. ಹಳೆಯ ನುಡಿ, ಬರಹ ಮೊದಲಾದ ತಂತ್ರಾಂಶಗಳ ಕೆಲವು ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು. ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ವಂತ ಸ್ಥಾನ ೧೯೯೧ರಲ್ಲೇ ದೊರೆತಿದ್ದರೂ ಬಳಕೆಗೆ ಬರಲು ತಡವಾಯಿತು. ಆ ಅಕ್ಷರಶೈಲಿಯನ್ನು ಲಿನಕ್ಸಿಗೆ ಸೇರಿಸಿದರೆ ಬರೆಹ ಮತ್ತೆ ಕನ್ನಡವಾಗಿ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿಕೊಡುವ ಪರಿವರ್ತಕಗಳೂ ಇವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಮೂಲ ಕಡತವನ್ನು ಹಾಗೆಯೇ ಉಳಿಸಿಕೊಂಡಿರಬೇಕು.

ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸರು ೧೮೮೯ರಲ್ಲಿ ಅಚ್ಚಿಗೆ ತಂದರು, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಆವೃತ್ತಿ ೧೯೨೩ರಲ್ಲಿ ಬಂತು. ಕಲ್ಲು ಅಷ್ಟು ಕಾಲ ತಾಳಿಕೊಂಡಿತು. ಡಿಸ್ಕು ಕಲ್ಲಲ್ಲ, ಅದು ಕಾಯುವುದಿಲ್ಲ. ಯಂತ್ರ ನಡೆಯುತ್ತಿರುವಾಗಲೇ ಇನ್ನೊಂದು ಪ್ರತಿ ಮಾಡಿಡುವುದು ಉತ್ತಮ. ನಿಂತ ಮೇಲಾದರೂ, ಅಳಿಸುವ ಮಾತಿಗೆ ಒಪ್ಪುವ ಮೊದಲು, ಪಕ್ಕದ ಪಾಲಿನಿಂದ ಬಾಗಿಲು ತೆರೆದು ನೋಡಿದ್ದೀರಾ ಎಂದು ಒಂದು ಸಲ ಕೇಳಿ.